ಆಬ್ವಿಯಸ್ಲಿ ಬರೆಯದ ರೈಟರು

ಯಾರು ಏನು ಹೇಳಿದರೂ ತಮ್ಮಯ್ಯನವರ ಬಾಯಿಂದ ಮೊದಲು ಹೊರಡುತ್ತಿದ್ದುದು ಒಂದೇ ಪ್ರಶ್ನೆ: "ಯಾರು ನೋಡಿದ್ದು?" ಮೇಲಿನ ತೋಟಕ್ಕೆ ಆನೆ ನುಗ್ಗಿದೆ ಎಂದರೂ ಅದೇ, ಕಾಫಿಹಣ್ಣು ಸುಲಿಯುವ ಪಲ್ಪರ್ ಕೆಟ್ಟು ನಿಂತಿದೆ ಎಂದರೂ ಅದೇ, ನಿಮ್ಮ ಅಂಗಿಯ ಗುಂಡಿ ತಪ್ಪಿದೆ ಎಂದರೂ ಅದೇ. ಮಲ್ಲಂದೂರಿನ ಮೇಲ್ಗಡೆಯ ಎಸ್ಟೇಟೊಂದರಲ್ಲಿ ಮೂವತ್ತೆರಡು ವರ್ಷಗಳಿಂದ ಅವರು ರೈಟರು. ಹಾಜರಿಯಿಂದ ಹಿಡಿದು ಸರ್ಕಾರಿ ಪತ್ರವ್ಯವಹಾರದವರೆಗೆ ಸಕಲವೂ ಅವರ ಕೈಯಿಂದಲೇ ಹಾದುಹೋಗಬೇಕು. ಮೊಣಕೈಗೆ ತೇಪೆ ಹಚ್ಚಿದ ಬೂದು ಕೋಟು, ಅದರ ಎಡಜೇಬಿನಲ್ಲಿ ರಟ್ಟು ಕಳಚಿದ ಇಂಗ್ಲಿಷ್ ನಿಘಂಟು. ಆ ಭಾರಕ್ಕೆ ಎಡಭುಜ ಶಾಶ್ವತವಾಗಿ ಇಳಿದುಹೋಗಿ, ಸಮತಟ್ಟಾದ ಅಂಗಳದಲ್ಲಿ ನಡೆದರೂ ಇಳಿಜಾರಿನಲ್ಲಿ ಅಡ್ಡಡ್ಡ ಹೋಗುವವರಂತೆ ತೋರುತ್ತಿದ್ದರು. ಪಿಯುಸಿಯಲ್ಲಿ ನಪಾಸಾದವರು, ಅದೂ ಇಂಗ್ಲಿಷಿನಲ್ಲಿ. ಆ ಅವಮಾನದ ಸೇಡನ್ನು ಒಂದೊಂದೇ ಪದದಿಂದ ತೀರಿಸಿಕೊಳ್ಳುತ್ತಿದ್ದಾರೆಂದು ಭವ್ಯಾ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು.

ಭವ್ಯಾ ಅದೇ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯ ಹುಡುಗಿ. ಬಿ.ಕಾಂ. ಮುಗಿಸಿ ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತು ಎರಡು ವರ್ಷವಾಗಿತ್ತು. ತಮ್ಮಯ್ಯನವರು ಬರೆದುಕೊಟ್ಟದ್ದನ್ನು ಟೈಪು ಮಾಡಿ ಕಳಿಸುವುದು ಅವಳ ಕೆಲಸ. ಅವರು ಬರೆದುಕೊಡುವವರೆಗೆ ಕಾಯುವುದು ಅವಳ ಯಾತನೆ. ವಿದ್ಯುತ್ ತಂತಿಯ ಮೇಲೆ ಮರ ಬಿದ್ದ ಆಷಾಢದಲ್ಲಿ, ವಿದ್ಯುತ್ ಕಚೇರಿಗೆ ಬರೆಯುವ ದೂರಿನಲ್ಲಿ ಆ ಮರ ಗಾಳಿಗೆ ಬಿದ್ದದ್ದು ಎವಿಡೆಂಟ್ಲಿಯೋ ಅಪರೆಂಟ್ಲಿಯೋ ಎಂಬುದು ಇತ್ಯರ್ಥವಾಗಲು ಎರಡು ದಿನ ಹಿಡಿದು, ಅಷ್ಟೂ ಹೊತ್ತು ಇಡೀ ಎಸ್ಟೇಟು ಕತ್ತಲಲ್ಲಿ ಕೂತಿತ್ತು.

"ಎಲ್ಲಾ ಒಂದೇ ಅಲ್ವಾ ರೈಟ್ರೇ?" ಎಂದು ಅವಳು ಕೇಳಿದ್ದಳು.

ಅವರು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು. "ಕ್ಲಿಯರ್ಲಿ ಅಂದ್ರೆ ಕಣ್ಣಾರೆ ಕಂಡಿದ್ದು, ನಡುವೆ ಏನೂ ಅಡ್ಡ ಇಲ್ಲ. ಎವಿಡೆಂಟ್ಲಿ ಅಂದ್ರೆ ಕಂಡಿಲ್ಲ, ಗುರುತು ಉಳಿದಿದೆ. ಅಪರೆಂಟ್ಲಿ ಅಂದ್ರೆ ಹಾಗೆ ಕಾಣ್ತದೆ, ಪ್ರಮಾಣ ಮಾಡಕ್ಕಾಗಲ್ಲ. ಆಬ್ವಿಯಸ್ಲಿ ಮಾತ್ರ, ಹೋಗಿ ನೋಡಕ್ಕೆ ಸೋಮಾರಿತನ ಇರೋರ ಮಾತು ಮಾರಾಯ್ತಿ."

ಕಳೆದ ಜನವರಿಯಲ್ಲಿ, ಹಣ್ಣು ಕೊಯ್ಯುವ ಹೆಂಗಸರನ್ನು ಹತ್ತಿಸಿಕೊಂಡು ಮೇಲಿನ ತೋಟಕ್ಕೆ ಹೊರಟ ಎಸ್ಟೇಟಿನ ಜೀಪು ಮೂರನೆಯ ತಿರುವಿನಲ್ಲಿ ಮಗುಚಿತು. ಯಲ್ಲಮ್ಮನ ತೊಡೆಯ ಮೂಳೆ ಮುರಿಯಿತು. ಉಳಿದವರು ತರಚುಗಾಯಗಳಲ್ಲಿ ಪಾರಾದರು. ಜೀಪು ಓಡಿಸುತ್ತಿದ್ದವನು ಭವ್ಯಾಳ ಪಕ್ಕದ ಮನೆಯ ಧರ್ಮೇಶ್. ಮಧ್ಯಾಹ್ನವಾಗುವಷ್ಟರಲ್ಲಿ ಚಿಕ್ಕಮಗಳೂರಿನಿಂದ ಮಾಲೀಕ ನಂದನ್ ಅವರ ಫೋನು ಬಂತು: "ಡ್ರೈವರ್ ಆಬ್ವಿಯಸ್ಲಿ ಸ್ಪೀಡಲ್ಲಿದ್ದ ಅಂತ ಹಾಕಿ. ಐದು ಗಂಟೆ ಒಳಗೆ ಇನ್ಶೂರೆನ್ಸ್‌ನೋರಿಗೂ ಪೊಲೀಸಿಗೂ ರಿಪೋರ್ಟ್ ಹೋಗ್ಬೇಕು."

"ಯಾರು ನೋಡಿದ್ದು?" ಎಂದು ತಮ್ಮಯ್ಯನವರು ಕೊಡೆಯನ್ನು ಊರುಗೋಲು ಮಾಡಿಕೊಂಡು ಗುಡ್ಡ ಹತ್ತಿಯೇಬಿಟ್ಟರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಮಾಲೀಕರ ಫೋನು ಮೂರನೆಯ ಸಲ ಬಂದಾಗ ಭವ್ಯಾ ನಂದನ್ ಹೇಳಿದ್ದ ವಾಕ್ಯವನ್ನೇ ಟೈಪು ಮಾಡಿ ಕಳಿಸಿದಳು. ಆ ಕ್ಷಣ ಅವಳಿಗೆ ಅನಿಸಿದ್ದು, ನಿಜ ಹೇಳಬೇಕೆಂದರೆ, ನಿರಾಳವೇ. ಆ ಆಫೀಸಿನಿಂದ ಮೊದಲ ಬಾರಿಗೆ ಒಂದು ಕಾಗದ ಹೊತ್ತಿಗೆ ಸರಿಯಾಗಿ ಹೊರಬಿದ್ದಿತ್ತು.

ಐದೂವರೆಗೆ ತಮ್ಮಯ್ಯನವರು ಬಂದರು. ಕೋಟಿನ ಮುಂಭಾಗವೆಲ್ಲ ಕೆಮ್ಮಣ್ಣು. ರಸ್ತೆಯ ಮೇಲೆ ಬೋರಲು ಮಲಗಿ ಅಂಚಿನ ಕೆಳಗೆ ಇಣುಕಿದ್ದರು. "ಕಟ್ಟಿದ ಕಲ್ಲು ಕಿತ್ತುಹೋಗಿ ರೋಡಿನ ಅಡಿ ಟೊಳ್ಳಾಗಿದೆ. ಟಯರ್ ಗುರುತು ಅಂಚಿಂದ ಎರಡಡಿ ಒಳಗೇ ಇದೆ." ರಿಪೋರ್ಟು ಆಗಲೇ ಹೋಗಿದೆಯೆಂದು ತಿಳಿದಾಗ ಅವರು ಗದರಲಿಲ್ಲ. ಕನ್ನಡಕ ಒರೆಸುತ್ತ ಇಷ್ಟೇ ಅಂದರು: "ಹೋಗಿ ನೋಡಕ್ಕೆ ನಿಂಗೆ ಟೈಮ್ ಇರ್ಲಿಲ್ಲ, ಸರಿ. ಹಾಗಂತಲೇ ಬರೀಬೇಕಿತ್ತು."

ಮರುದಿನ ಬೆಳಿಗ್ಗೆ ಧರ್ಮೇಶನನ್ನು ಠಾಣೆಗೆ ಕರೆಸಿದರು. ಲೈಸೆನ್ಸು ಇಟ್ಟುಕೊಂಡು, ದಿನವಿಡೀ ಬೆಂಚಿನ ಮೇಲೆ ಕೂರಿಸಿ, ನಾಳೆ ಮತ್ತೆ ಬಾ ಎಂದು ಕಳಿಸಿದರು. ತಿದ್ದುಪಡಿಯ ಪತ್ರ ಅಂದೇ ಹೋಗುತ್ತದೆಂದು ಭವ್ಯಾ ಬೆರಳು ಸಿದ್ಧವಾಗಿಟ್ಟುಕೊಂಡು ಕೂತರೆ, ತಮ್ಮಯ್ಯನವರು ಕ್ಲಿಯರ್ಲಿ ಎಂದು ಬರೆದು ಹೊಡೆದುಹಾಕಿದರು. ರಸ್ತೆ ಕುಸಿಯುವುದನ್ನು ತಾವು ಕಂಡಿರಲಿಲ್ಲವಲ್ಲ. ಅಪರೆಂಟ್ಲಿ ಎಂದು ಬರೆದರು, ಅಷ್ಟು ದುರ್ಬಲವಾದ ಪದವನ್ನು ಹಿಡಿದು ಧರ್ಮೇಶ್ ಪಾರಾಗಲಾರ ಎಂದು ಅದನ್ನೂ ಹೊಡೆದರು. ಎವಿಡೆಂಟ್ಲಿ ಎನ್ನಲು ಸಾಕ್ಷ್ಯ ಬೇಕಿತ್ತು. ಟೇಪು ಹಿಡಿದು ಅಳೆದರು, ಫೋಟೊ ತೆಗೆಸಿದರು, ಬಸ್ಸು ಹತ್ತಿ ಜಿಲ್ಲಾಸ್ಪತ್ರೆಗೆ ಹೋಗಿ ಯಲ್ಲಮ್ಮನಿಗೆ ಎಚ್ಚರವಾಗುವ ತನಕ ಕಾದು ಕೂತು ಅವಳ ಮಾತನ್ನು ಬರೆದುಕೊಂಡು ಬಂದರು. "ಅವ್ನು ಮೆಲ್ಲಕ್ಕೇ ಹೋಯ್ತಿದ್ದ, ನೆಲಾನೇ ಕೆಳಗೆ ಇಳೀತು" ಎಂದಿದ್ದಳು ಯಲ್ಲಮ್ಮ.

ಮೂರನೆಯ ದಿನವೂ ಧರ್ಮೇಶ್ ಠಾಣೆಗೆ ಹೊರಟಾಗ ಭವ್ಯಾಳ ತಾಳ್ಮೆಯ ಕಟ್ಟೆಯೊಡೆಯಿತು. "ಅವ್ನು ಅಲ್ಲಿ ಬೆಂಚಿನ ಮೇಲೆ ಕೂತಿದಾನೆ, ನೀವಿಲ್ಲಿ ಪದ ಆರಿಸ್ತಾ ಇದೀರಾ! ಯಾವ್ದೋ ಒಂದು ಹಾಕಿ ರೈಟ್ರೇ!"

"ಯಾವ್ದೋ ಒಂದು ಹಾಕಿದ್ದಕ್ಕೇ ಅಲ್ವಾ ಅವ್ನು ಅಲ್ಲಿ ಕೂತಿರೋದು?"

ಅವಳಿಗೆ ಅಳುವೇ ಬಂತು. ಅವರ ಮಾತು ನಿಜವಾಗಿತ್ತೆಂಬ ಸಿಟ್ಟಿಗಿಂತ, ಅಷ್ಟು ನಿಜ ಹೇಳುವ ಮನುಷ್ಯ ಅಷ್ಟು ನಿಧಾನವೆಂಬ ಸಿಟ್ಟೇ ದೊಡ್ಡದಾಗಿತ್ತು.

ಆ ಮಧ್ಯಾಹ್ನ ಪತ್ರ ಸಿದ್ಧವಾಯಿತು. ಒಂದೇ ಪುಟ, ಎವಿಡೆಂಟ್ಲಿ ಒಂದೇ ಸಲ. ಸುದ್ದಿ ತಿಳಿದ ನಂದನ್ ಕಾರಿನಲ್ಲಿ ಬಂದಿಳಿದರು.

"ತಮ್ಮಯ್ಯನೋರೆ, ರೋಡು ನಮ್ದು. ತಪ್ಪು ನಮ್ಮ ತಲೆ ಮೇಲೇ ಬರುತ್ತೆ."

"ಬರುತ್ತೆ ಸಾರ್."

"ನಾನು ಸಹಿ ಹಾಕಲ್ಲ."

"ನೀವು ಹಾಕೋದು ಬೇಡ. ನೋಡಿದ್ದು ನಾನು."

ಮಾಲೀಕರು ಮುಂದಿನ ಮಾತಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಭವ್ಯಾ ಪತ್ರವನ್ನು ಕಳಿಸಿಬಿಟ್ಟಿದ್ದಳು. "ಹೋಯ್ತು ಸಾರ್" ಎಂದಳು.

ಎರಡು ದಿನ ಬಿಟ್ಟು ವಿಮಾ ಕಂಪನಿಯ ಅಧಿಕಾರಿ ಬಂದು ಆ ಟೊಳ್ಳಿಗೆ ಟಾರ್ಚು ಬಿಟ್ಟು ನೋಡಿದ. ಧರ್ಮೇಶನಿಗೆ ಲೈಸೆನ್ಸು ಮರಳಿತು, ರಸ್ತೆಯಂಚಿಗೆ ಹೊಸ ಕಲ್ಲು ಬಂತು, ನಂದನ್ ಮಳೆಗಾಲದವರೆಗೂ ರೈಟರೊಡನೆ ಮಾತಾಡಲಿಲ್ಲ. ಧರ್ಮೇಶನೂ ಕೃತಜ್ಞತೆ ಹೇಳಲಿಲ್ಲ. "ಮೊದಲ್ನೇ ದಿನಾನೇ ಬರ್ದಿದ್ರೆ ಎರಡು ದಿನ ನಾನು ಕಳ್ಳನ ಹಾಗೆ ಅಲ್ಲಿ ಕೂರೋದು ತಪ್ತಿತ್ತು" ಎಂದ. ತಮ್ಮಯ್ಯನವರು ತುಸು ಯೋಚಿಸಿ, "ಅದೂ ನಿಜವೇ" ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಮಾತ್ರಕ್ಕೆ ಚುರುಕಾದರೆಂದಲ್ಲ.

ಇಂಥವರ ಜೊತೆ ಬಾಳುವುದು ದುಸ್ಸಾಧ್ಯ. ಜಗತ್ತಿನ ಗಡಿಯಾರ ತಮಗಾಗಿ ನಿಂತಿದೆಯೆಂದು ಅವರು ಭಾವಿಸುತ್ತಾರೆ, ಮತ್ತು ಅವರ ನಿಧಾನದ ಬೆಲೆಯನ್ನು ಎಷ್ಟೋ ಸಲ ಬೇರೆ ಯಾರೋ ಬೆಂಚಿನ ಮೇಲೆ ಕೂತು ತೆರಬೇಕಾಗುತ್ತದೆ. ಆದರೂ ನಮ್ಮ ಮುಖವನ್ನೇ ನೋಡದ ಯಾರೋ ಎಲ್ಲಿಯೋ ಕೂತು ನಮ್ಮ ಬಗ್ಗೆ ನಾಲ್ಕು ಸಾಲು ಬರೆಯುವ ದಿನ ಬಂದರೆ, ಬರೆಯುವ ಕೈ ಅಂಥವರದ್ದೇ ಆಗಿರಲಿ ಎಂದು ನಾವೆಲ್ಲ ಬೇಡಿಕೊಳ್ಳುತ್ತೇವೆ. ನಮ್ಮ ಪಕ್ಕದ ಮೇಜಿನಲ್ಲಿ ಮಾತ್ರ ಅವರು ಬೇಡ, ಅಷ್ಟೆ.