ಸೇತುವೆಯ ಮೇಲಿನ ಹಸಿರು ಬಟ್ಟೆ

ರೈಲ್ವೆ ಯಾರ್ಡಿನ ಮೇಲೆ ಹಾದುಹೋಗುವ ಕಾಲುಸೇತುವೆಯಲ್ಲಿ ಆ ಮುದುಕ ದಿನವೂ ಬಂದು ನಿಲ್ಲುತ್ತಿದ್ದ. ಇಂಜಿನ್ ಡ್ರೈವರನಾಗಿದ್ದು ನಿವೃತ್ತನಾದವನು. ಕಲ್ಲಿದ್ದಲಿನ ವ್ಯಾಗನ್‌ಗಳು, ಎಣ್ಣೆಯ ಟ್ಯಾಂಕರುಗಳು, ಹೊಗೆಯುಗುಳುತ್ತ ಅವನ್ನು ಎಳೆದಾಡುವ ಇಂಜಿನ್ನುಗಳು, ಇವನ್ನು ಕಣ್ತುಂಬ ನೋಡುವುದೇ ಅವನಿಗೆ ಉಳಿದಿದ್ದ ಸುಖ. ಆ ಸುಖದಿಂದ ಯಾರಿಗೂ ಕೇಡಿರಲಿಲ್ಲ. ಅದನ್ನೇ ಒಂದು ಇಲಾಖೆ ಪುಕ್ಕಟೆ ಚಾಕರಿಯಾಗಿಸಿಕೊಂಡದ್ದು ಮಾತ್ರ ಅನ್ಯಾಯ.

ಸೇತುವೆಯ ಕೆಳಗೆ ಹಳಿಗಳು ಬಿಲ್ಲಿನಂತೆ ಬಾಗಿವೆ. ಸಾಲಿನ ಬಾಲದಲ್ಲಿ ಎರಡು ವ್ಯಾಗನ್‌ಗಳ ನಡುವೆ ನುಸುಳಿ ಕೊಂಡಿ ಹಾಕುವವನು ಇಂಜಿನ್ನಿನಲ್ಲಿ ಕುಳಿತವನಿಗೆ ಕಾಣುವುದಿಲ್ಲ. ಹಿಂದೆ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಲೆಂದೇ ಒಬ್ಬ ನೌಕರನಿದ್ದ. ಆ ಹುದ್ದೆ ಅನವಶ್ಯಕವೆಂದು ರದ್ದಾಯಿತು. ರದ್ದು ಮಾಡಿದವರಲ್ಲಿ ಒಬ್ಬನಾದರೂ ವ್ಯಾಗನ್‌ಗಳ ನಡುವೆ ಬೆನ್ನು ಬಗ್ಗಿಸಿದವನಲ್ಲ.

ಎರಡೂ ತುದಿಗಳು ಕಾಣುತ್ತಿದ್ದುದು ಸೇತುವೆಯಿಂದ ಮಾತ್ರ. ಕೊಂಡಿ ಹಾಕುತ್ತಿದ್ದವನು ಮುದುಕನ ಅಳಿಯ. ಯಾರೂ ಹೇಳದೆಯೇ ಒಂದು ಪದ್ಧತಿ ಬೆಳೆಯಿತು. ಅಳಿಯ ವ್ಯಾಗನ್‌ಗಳ ಒಳಗಿರುವಾಗ ಸೇತುವೆಯ ಕಂಬಿಯ ಮೇಲೆ ಕೆಂಪು ಬಟ್ಟೆ. ಅವನು ಹೊರಬಂದು ಕೈಯೆತ್ತಿದ ಮೇಲೆ ಹಸಿರು. ಹಸಿರು ಬಟ್ಟೆ ಮನೆಯ ಹಳೆಯ ಪರದೆಯ ತುಂಡು. ಡ್ರೈವರ್ ಅದನ್ನು ನೋಡಿಯೇ ಇಂಜಿನ್ ಸರಿಸುತ್ತಿದ್ದ. ಯಾರ್ಡಿನ ಮೇಲ್ವಿಚಾರಕನಿಗೂ ಇದು ಗೊತ್ತಿತ್ತು. "ಏನಜ್ಜ, ಇವತ್ತು ಡ್ಯೂಟಿಗೆ ಲೇಟು!" ಎಂದು ಕೆಳಗಿನಿಂದ ಕೂಗಿ ನಗುತ್ತಿದ್ದ.

"ಮಾವ, ಬರೀ ಇಂಜಿನ್ ನೋಡ್ಬೇಡಿ, ಆಗಾಗ ನನ್ನ ಕಡೆನೂ ನೋಡಿ," ಎಂದು ಅಳಿಯ ಊಟಕ್ಕೆ ಕುಳಿತಾಗ ಕೆಣಕುತ್ತಿದ್ದ.

"ನಿನ್ನಲ್ಲಿ ನೋಡೋಕೇನಿದೆಯೋ? ಇಂಜಿನ್ನಿಗಾದ್ರೆ ಹೊಸ ಬಣ್ಣ ಬಳಿದಿದ್ದಾರೆ."

"ಕೇಳಿದ್ಯಾ ನಿಮ್ಮಪ್ಪನ ಮಾತು? ನನಗೂ ಒಂದು ಡಬ್ಬ ಬಣ್ಣ ತರಿಸು," ಎಂದು ಅವನು ಹೆಂಡತಿಯತ್ತ ತಿರುಗಿದರೆ, ಅವಳು ಸೌಟು ಹಿಡಿದೇ ನಗುತ್ತಿದ್ದಳು.

ಆ ದಿನ ಮಧ್ಯಾಹ್ನ ಮುದುಕ ಹಸಿರು ತೋರಿಸಿ ಬಟ್ಟೆಯನ್ನು ಕಂಬಿಯ ಮೇಲೆಯೇ ಬಿಟ್ಟಿದ್ದ. ಇಂಜಿನ್ ಸರಿದು ನಿಂತಿತು. ಅಳಿಯ ಮುಂದಿನ ಕೊಂಡಿಗೆಂದು ಒಳಗೆ ನುಸುಳಿದ. ಇನ್ನು ಕೆಂಪು ಹಾಕಬೇಕು. ಅಷ್ಟರಲ್ಲಿ ಬೆನ್ನ ಹಿಂದಿನ ಹಳಿಯಲ್ಲಿ ಗುಜರಿಗೆ ಹೊರಟ ಒಂದು ಇಂಜಿನ್ನನ್ನು ಎಳೆದು ತಂದರು. ಗಾಜು ಒಡೆದಿತ್ತು, ಮೈಯೆಲ್ಲ ತುಕ್ಕು. ಆದರೂ ಮುದುಕ ಅದರ ಸಂಖ್ಯೆಯನ್ನು ಗುರುತಿಸಿದ. ಅವನು ಪ್ರಾಯವನ್ನೆಲ್ಲ ಕಳೆದದ್ದು ಅದರ ಹೊಟ್ಟೆಯೊಳಗೇ. ಕಾಲುಗಳು ತಾವಾಗಿಯೇ ಸೇತುವೆಯ ಆಚೆ ಬದಿಗೆ ನಡೆದವು. ಈಚೆ ಬದಿಯಲ್ಲಿ ಹಸಿರು ಬಟ್ಟೆ ಹಾಗೇ ಇತ್ತು.

ಇಂಜಿನ್ ಸರಿದು ವ್ಯಾಗನ್‌ಗಳ ತುದಿಯ ಬಫರುಗಳು ಒಂದಕ್ಕೊಂದು ಬಡಿದ ಸದ್ದು ಮಾಮೂಲಿನದೇ. ಅದರ ಹಿಂದೆಯೇ ಬಂದ ಕೂಗು ಮಾಮೂಲಿನದಲ್ಲ.

ವಿಚಾರಣೆಗೆ ಯಾರೂ ಕರೆಯದಿದ್ದರೂ ಮುದುಕ ತಾನೇ ಹೋದ. ಅಧಿಕಾರಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಲ್ವಿಚಾರಕ ಗೋಡೆಗೊರಗಿ ನಿಂತಿದ್ದ.

"ಬರ್ಕೊಳ್ಳಿ ಸ್ವಾಮಿ. ತಪ್ಪು ನನ್ನದು. ಕೆಂಪು ಹಾಕ್ಬೇಕಿತ್ತು, ಹಾಕ್ಲಿಲ್ಲ."

"ಹಾಕೋಕೆ ನೀವ್ಯಾರು?" ಅಧಿಕಾರಿಯ ದನಿ ಮೃದುವಾಗಿಯೇ ಇತ್ತು. "ನಮ್ಮ ನೌಕರರಲ್ಲ. ಸೇತುವೆ ಮೇಲೆ ನಿಂತು ರೈಲು ನೋಡೋರು, ಅಷ್ಟೇ."

"ನನ್ನ ಬಟ್ಟೆ ನೋಡಿಯೇ ಇಂಜಿನ್ ಸರೀತಿತ್ತು."

"ಡ್ರೈವರ್ ಹಾಗೆ ಹೇಳಿಲ್ಲವಲ್ಲ. ಸತ್ತವನೇ ಕೈಯೆತ್ತಿದ, ಆಮೇಲೆ ಮತ್ತೆ ಒಳಗೆ ಹೋದ ಅಂದಿದ್ದಾನೆ."

"ಅಲ್ಲಿಂದ ಅವನಿಗೆ ಕಾಣೋದೇ ಇಲ್ಲ! ಇವರನ್ನು ಕೇಳಿ, ದಿನಾ ನನ್ನ ಮಾತಾಡಿಸ್ತಿದ್ರು."

ಮೇಲ್ವಿಚಾರಕ ಕಿಟಕಿಯಾಚೆ ನೋಡಿದ. "ಸೇತುವೆ ಮೇಲೆ ಸುಮಾರು ಜನ ನಿಂತಿರ್ತಾರೆ ಸರ್."

ಅಧಿಕಾರಿ ದಡ್ಡನಲ್ಲ. ಮುದುಕನ ತಪ್ಪನ್ನು ಬರೆದರೆ, ಅಲ್ಲಿ ಮುದುಕನೇ ಏಕೆ ನಿಲ್ಲಬೇಕಾಯಿತೆಂಬುದನ್ನೂ ಬರೆಯಬೇಕಾಗುತ್ತದೆ. ತಪ್ಪೊಪ್ಪಿಕೊಳ್ಳಲು ತಾನಾಗಿ ಬಂದವನ ಬಾಯಿ ಮುಚ್ಚಿಸಿ, ಬಾಯಿಲ್ಲದ ಹೆಣದ ತಲೆಗೆ ತಪ್ಪು ಕಟ್ಟಿದರು. ಸಾವಿಗೆ ಕಾರಣ ಸತ್ತವನ ಅಜಾಗರೂಕತೆ ಎಂದಾಯಿತು. ಇದನ್ನು ನ್ಯಾಯವೆಂದು ಕರೆಯುವವರ ನಾಲಿಗೆ ಹೇಗೆ ತಾನೇ ಹೊರಳುತ್ತದೆ!

ಮನೆಯಲ್ಲಿ ಮಗಳು ಗಂಡನ ಊಟದ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದಳು. ಅಪ್ಪ ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು.

"ತಪ್ಪು ನಿಮ್ದು ಅಂತ ಬರ್ಸೋಕೂ ಆಗ್ಲಿಲ್ವಾ ಅಪ್ಪ?" ಎಂದಳು. "ಅವರ ಹೆಸರಿಗೆ ಅಷ್ಟಾದ್ರೂ ಮಾಡ್ಬಾರ್ದಿತ್ತಾ?"

ಮತ್ತೆಂದೂ ಅವಳು ಕೇಳಲಿಲ್ಲ, ನಗಲೂ ಇಲ್ಲ.

ತಿರುವಿನ ಹುದ್ದೆ ಮರಳಿ ಬರಲಿಲ್ಲ. ಬದಲಿಗೆ ಸಾರ್ವಜನಿಕರ ಸುರಕ್ಷತೆಗೆಂದು ಸೇತುವೆಯ ಎರಡೂ ಬದಿಗೆ ಆಳೆತ್ತರದ ತಗಡು ಹೊಡೆದರು. ಕೊಂಡಿ ಹಾಕಲು ಹೊಸಬನೊಬ್ಬ ಬಂದಿದ್ದಾನೆಂದು ಹೇಳುತ್ತಾರೆ. ಮುದುಕ ಅವನ ಮುಖ ಕಂಡಿಲ್ಲ. ಈಗಲೂ ದಿನವೂ ಬಂದು, ಜೇಬಿನಲ್ಲಿ ಕೆಂಪು ಬಟ್ಟೆಯನ್ನು ಮುದುರಿ ಹಿಡಿದು, ತಗಡಿಗೆ ಕಿವಿಯಿಟ್ಟು ನಿಲ್ಲುತ್ತಾನೆ. ಇಂಜಿನ್ ನಿಂತದ್ದು ಕೇಳುತ್ತದೆ; ಕೊಂಡಿಯ ಸರಪಳಿ ಕಿಣಿಗುಟ್ಟಿದ್ದೂ ಕೇಳುತ್ತದೆ. ಒಳಹೋದವನು ಹೊರಬಂದನೋ ಇಲ್ಲವೋ ತಿಳಿಯುವುದಿಲ್ಲ.

"ಏನಜ್ಜ, ತಗಡಲ್ಲಿ ಏನು ಕಾಣುತ್ತೆ?" ದಾರಿಹೋಕನೊಬ್ಬ ನಕ್ಕ.

"ಸ್ವಲ್ಪ ಸುಮ್ಮನಿರಪ್ಪ," ಎಂದ ಮುದುಕ. "ಒಳಗೆ ಮನುಷ್ಯ ಇದ್ದಾನೆ."