ಬೆನ್ನಪ್ಪನ ರೆಕಾರ್ಡು

ಡೆರಿಕ್ ಆಲ್ಸಪ್‌ಗೆ ಬೆನ್ನಪ್ಪ ಎಂದು ಹೆಸರಿಟ್ಟವನು ನಮ್ಮ ಬ್ಯಾಂಡಿನ ಹಾಡುಗಾರ ಡಡ್ಲಿ. ಡೆರಿಕ್ ವೇದಿಕೆಯ ಮೇಲೆ ಜನರ ಕಡೆ ತಿರುಗುತ್ತಲೇ ಇರಲಿಲ್ಲ. ಅವರಿಗೆ ಬೆನ್ನು ಹಾಕಿ, ಡ್ರಮ್ ಬಾರಿಸುವ ನನ್ನತ್ತಲೇ ಮುಖ ಮಾಡಿ ಗಿಟಾರ್ ನುಡಿಸುತ್ತಿದ್ದ. "ನಮ್ ಬೆನ್ನಪ್ಪಂಗೆ ನಿಮ್ ಮುಖ ಕಂಡ್ರೆ ಆಗಲ್ಲ" ಎಂದು ಡಡ್ಲಿ ಮೈಕಿನಲ್ಲಿ ಹೇಳಿದರೆ ಶೆಫೀಲ್ಡಿನ ಕ್ಲಬ್ಬುಗಳು ನಕ್ಕು ಬೀಳುತ್ತಿದ್ದವು. ಒಮ್ಮೆ ಯಾರೋ ಅವನ ಬೆನ್ನಿಗೆ ಬಿಯರ್ ಗ್ಲಾಸನ್ನೇ ಎಸೆದರು.

ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ. ಎಳೆಯ ವಯಸ್ಸಿಗೇ ಉಕ್ಕಿನ ಕಾರ್ಖಾನೆ ಸೇರಿ, ದೈತ್ಯ ಸುತ್ತಿಗೆ ಯಂತ್ರದ ಪಕ್ಕದಲ್ಲೇ ದುಡಿದವನು ಅವನು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೋಗುತ್ತಿತ್ತು. ನನ್ನ ಕೈ ನೋಡಿಕೊಂಡೇ ತಾಳ ಹಿಡಿಯುತ್ತಿದ್ದ.

"ಯಾರಿಗೂ ಹೇಳ್ಬೇಡ ಐವರ್" ಎಂದಿದ್ದ, ನನ್ನ ಹೆಸರು ಹಿಡಿದು. "ಕಿವುಡನ್ನ ನುಡಿಸೋಕೆ ಯಾರು ಕರೀತಾರೋ?"

ಡಡ್ಲಿ ಅವನನ್ನು ಬ್ಯಾಂಡಿನಿಂದ ಹೊರಹಾಕಿದ ಮೇಲೆ, ೧೯೭೪ರಲ್ಲಿ, ಲಂಡನ್ನಿನ ಒಂದು ಕಂಪನಿ ಅವನೊಬ್ಬನ ಹೆಸರಿನಲ್ಲೇ ಆಲ್ಬಂ ಮಾಡಲು ಒಪ್ಪಿತು. ಡ್ರಮ್ಮಿಗೆ ನನ್ನನ್ನೇ ಕರೆದುಕೊಂಡು ಹೋದ.

ಅಲ್ಲಿನ ನಿರ್ಮಾಪಕ ಮಾರ್ವುಡ್ ಮೊದಲು ನನ್ನ ಡ್ರಮ್ ಮುದ್ರಿಸಿಕೊಂಡು, ಆಮೇಲೆ ಡೆರಿಕ್‌ನನ್ನು ಒಂಟಿಯಾಗಿ ಗಾಜಿನ ಕೋಣೆಗೆ ಕಳಿಸುತ್ತಿದ್ದ. ನಿಧಾನದ ಹಾಡುಗಳು ಹೇಗೋ ಮುಗಿದವು. ಕೊನೆಯದು ದೀರ್ಘವಾಗಿತ್ತು, ವೇಗವಾಗಿತ್ತು. ಹೆಡ್‌ಫೋನಿನಲ್ಲಿ ಬರುತ್ತಿದ್ದ ನನ್ನ ತಾಳ ಅವನಿಗೆ ಸಿಗಲಿಲ್ಲ. ಮತ್ತೆ ಮತ್ತೆ ತಪ್ಪಿದ.

"ಕುಡಿದಿದ್ದಾನೇನ್ರೀ?" ಮಾರ್ವುಡ್ ನನ್ನನ್ನು ಕೇಳಿದ. ಅವನು ಫೋನೆತ್ತಿ ಬೇರೊಬ್ಬ ಗಿಟಾರಿಸ್ಟನಿಗೆ ಬರಹೇಳಿದ.

ನಾನು ಗಾಜಿನ ಕೋಣೆಗೆ ನುಗ್ಗಿ ಅವನ ಬಲಗಿವಿಯ ಹತ್ತಿರ ಬಾಗಿದೆ. "ಹೇಳ್ಬಿಡೋ. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ನೀನು ಬಾಯಿ ಬಿಟ್ರೆ ಇವತ್ತಿಗೆ ನಮ್ ಸ್ನೇಹ ಮುಗೀತು."

ಅಷ್ಟರಲ್ಲಿ ಹೊಸಬ ಬಂದೇಬಿಟ್ಟ. ಹೊರಗಿನ ಸೋಫಾದಲ್ಲಿ ಕೂತು ತನ್ನ ಗಿಟಾರಿನ ತಂತಿ ಬಿಗಿಯತೊಡಗಿದ. ಡೆರಿಕ್ ಗಾಜಿನಾಚೆ ಅವನನ್ನೇ ದಿಟ್ಟಿಸಿದ. ನಂತರ ಹೆಡ್‌ಫೋನ್ ಕಿತ್ತಿಟ್ಟು, ನೇರ ಮಾರ್ವುಡ್ ಮುಂದೆ ಹೋಗಿ ನಿಂತ.

"ನನಗೆ ಕಿವಿ ಕೇಳಿಸಲ್ಲ ಸಾರ್. ಐವರ್ ಕೈ ಕಾಣಿಸ್ಬೇಕು ನನಗೆ. ನಮ್ಮಿಬ್ರನ್ನೂ ಒಂದೇ ಕೋಣೇಲಿ ಬಿಡಿ."

ಮಾರ್ವುಡ್ ತಲೆಯಲ್ಲಾಡಿಸಿದ. "ಡ್ರಮ್ ಸದ್ದೆಲ್ಲ ನಿಮ್ ಮೈಕಿಗೆ ನುಗ್ಗುತ್ತೆ. ಆಮೇಲೆ ಏನೂ ತಿದ್ದೋಕಾಗಲ್ಲ."

"ತಿದ್ದೋದು ಬೇಡ. ಒಂದೇ ಸಲ ನುಡಿಸ್ತೀನಿ. ಆಗ್ಲಿಲ್ಲ ಅಂದ್ರೆ ಅವನನ್ನೇ ಕರೀರಿ."

ಮಾರ್ವುಡ್ ಒಲ್ಲದ ಮನಸ್ಸಿನಿಂದ ಡ್ರಮ್ ಇದ್ದ ಕೋಣೆಯತ್ತ ಕೈ ತೋರಿಸಿದ. ಡೆರಿಕ್ ಬೂಟು ಬಿಚ್ಚಿ, ಬರಿಗಾಲಲ್ಲಿ ನನ್ನೆದುರು ನಿಂತು, ಅದುರು ಮೈಗೆ ತಿಳಿಯಲೆಂದು ದೊಡ್ಡ ಡ್ರಮ್ಮಿಗೆ ಮೊಣಕಾಲು ತಾಗಿಸಿದ. ಶುರು ಮಾಡಿದೆವು. ಅವನ ಕಣ್ಣು ನನ್ನ ಮಣಿಕಟ್ಟು ಬಿಟ್ಟು ಕದಲಲಿಲ್ಲ. ಅರ್ಧ ದಾಟಿದ್ದೆವು, ನನ್ನ ಬಲಗೈಯ ಕೋಲು ಲಟಕ್ಕನೆ ಮುರಿಯಿತು.

ಎಲ್ಲ ಮುಗಿಯಿತು ಅಂದುಕೊಂಡೆ. ಡೆರಿಕ್ ನಿಲ್ಲಿಸಲಿಲ್ಲ. ಒಂದೇ ಸ್ವರವನ್ನು ಎಳೆದು ಹಿಡಿದ. ನಾನು ಕಾಲಿನಿಂದಷ್ಟೇ ತಾಳ ಕೊಡುತ್ತಾ ನೆಲದಲ್ಲಿ ಇನ್ನೊಂದು ಕೋಲಿಗಾಗಿ ತಡಕಾಡುತ್ತಿದ್ದರೆ, ಆ ಸ್ವರ ನಡುಗುತ್ತಾ, ಕೂಗುತ್ತಾ ನಿಂತೇ ಇತ್ತು. ಕೋಲು ಸಿಕ್ಕಿತು, ಕೈಯೆತ್ತಿದೆ. ನಾನು ಹೊಡೆದ ಕ್ಷಣಕ್ಕೇ ಅವನು ಮುಂದಿನ ಸ್ವರಕ್ಕೆ ಧುಮುಕಿದ.

ಮುಗಿದಾಗ ಮಾರ್ವುಡ್ ಟೇಪು ನಿಲ್ಲಿಸಿ, ಹೊಸಬನಿಗೆ ಹೊರಡಬಹುದೆಂದು ಕೈ ತೋರಿಸಿದ. ಹೊಸಬ ತನ್ನ ಗಿಟಾರನ್ನು ಪೆಟ್ಟಿಗೆಗೆ ಹಾಕಿಕೊಂಡು ಬಂದು ಡೆರಿಕ್‌ನ ಕೈ ಕುಲುಕಿ ಹೋದ.

"ಆಲ್ಬಮ್ಮಿಗೆ ಹೆಸರು?" ಮಾರ್ವುಡ್ ಒಂದು ಚೀಟಿಯಲ್ಲಿ ಬರೆದು ತೋರಿಸಿದ.

"ಬೆನ್ನಪ್ಪ ಅಂತಿಡಿ. ಊರೆಲ್ಲ ಕರೆದಾಯ್ತು. ಇನ್ನು ನಾನೇ ಕರ್ಕೋತೀನಿ."

ಆ ಎಳೆದ ಸ್ವರಕ್ಕಾಗಿಯೇ ಜನ ಇಂದಿಗೂ ಆ ರೆಕಾರ್ಡು ಹುಡುಕಿ ಕೊಳ್ಳುತ್ತಾರೆ. ಮರುವರ್ಷದ ಹೊತ್ತಿಗೆ ಡೆರಿಕ್‌ನ ಬಲಗಿವಿಯೂ ಬಹುತೇಕ ಹೋಯಿತು. ಆಗ ಒಂದು ಭಾನುವಾರ ಮಧ್ಯಾಹ್ನ, ನಾವಿಬ್ಬರೂ ಪಬ್ಬಿನಲ್ಲಿ ಊಟ ಮಾಡುತ್ತಿದ್ದಾಗ ಅಷ್ಟರಲ್ಲಾಗಲೇ ಕಿವಿಯ ವಿಷಯ ತಿಳಿದಿದ್ದ ಡಡ್ಲಿ ಬಂದು ಪಕ್ಕದ ಮೇಜಿನಲ್ಲಿ ಕೂತ. ತಲೆ ತಗ್ಗಿಸಿ ಏನೋ ಗೊಣಗಿದ.

"ಜೋರಾಗಿ ಹೇಳೋ" ಎಂದ ಡೆರಿಕ್.

"ನಂದು ತಪ್ಪಾಯ್ತು ಅಂದೆ."

"ಕೇಳಿಸ್ಲಿಲ್ಲ."

ಡಡ್ಲಿ ಎದ್ದು ನಿಂತು, ವೇದಿಕೆಯ ಮೇಲೆ ಹಾಡುತ್ತಿದ್ದ ಗಂಟಲಲ್ಲೇ ಕೂಗಿ ಹೇಳಿದ. ಇಡೀ ಪಬ್ಬು ತಿರುಗಿ ನೋಡಿತು. ಡೆರಿಕ್ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಕೋಟನ್ನು ತೆಗೆದು, ಅವನಿಗೂ ಒಂದು ತಟ್ಟೆ ತರಲು ಕೈಸನ್ನೆ ಮಾಡಿದ.