ಮೊಲದ ನಾಲ್ಕನೆಯ ಕಾಲು

ಪ್ರಯೋಗದ ಫಲ ಮೂಡಿದ್ದ ಎಕ್ಸ್‌ರೇ ಹಾಳೆಯನ್ನು ಲ್ಯಾಬಿನ ಬೆಳಕಿಗೆ ಹಿಡಿದೆ. ನಾಲ್ಕು ಸಾಲು, ನಾಲ್ಕರಲ್ಲೂ ಕಪ್ಪು ಪಟ್ಟಿ. ಮೊದಲ ಮೂರರಲ್ಲಿ ಇರಬೇಕಾದದ್ದೇ. ನಾಲ್ಕನೆಯದು ಖಾಲಿ ಇರಬೇಕಿತ್ತು.

ಜೀವಕೋಶ ಸಾಯಲು ಹೊರಟಾಗ ಅದರೊಳಗೆ ಒಂದು ಪ್ರೋಟೀನು ಎಚ್ಚೆತ್ತು ಮಿಕ್ಕದ್ದನ್ನೆಲ್ಲ ಕತ್ತರಿಸತೊಡಗುತ್ತದೆ. ಅದನ್ನು ಹುಡುಕಿ ಹಿಡಿಯುವ ಪ್ರತಿಕಾಯವನ್ನು ನಮ್ಮ ಪ್ರೊಫೆಸರು ಹನ್ನೆರಡು ವರ್ಷದ ಹಿಂದೆ ಒಂದು ಮೊಲದ ರಕ್ತದಿಂದ ತೆಗೆದಿದ್ದರು. ಪ್ರೋಟೀನು ಇದ್ದಲ್ಲಿ ಪಟ್ಟಿ ಮೂಡಬೇಕು, ಇಲ್ಲದಲ್ಲಿ ಮೂಡಬಾರದು. ನಾಲ್ಕನೆಯ ಸಾಲಿಗೆ ನಾನು ಹಾಕಿದ್ದು ಆ ಪ್ರೋಟೀನೇ ಇಲ್ಲದಂತೆ ಬೆಳೆಸಿದ ಕೋಶಗಳನ್ನು. ಅಲ್ಲೂ ಪ್ರತಿಕಾಯ ‘ಇದೆ’ ಎಂದು ಸಾಕ್ಷಿ ನುಡಿದಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ.

ಶೀಶೆ ತೊಳೆಯುವ ಅಕ್ಕ ಹೆಗಲ ಮೇಲಿಂದ ಇಣುಕಿದಳು. “ತೋರ್ಸು ಹೋಗು ಮೌನಗೌರಿ. ಆದ್ರೆ ಹುಷಾರು, ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.”

ನನ್ನ ಸೋದರತ್ತೆ ಪದ್ಯ ಓದುವವಳು. ಅರ್ಧ ಸಾಲಿನಷ್ಟು ಉದ್ದದ ಹೆಸರು ಇಟ್ಟಿದ್ದಳು ನನಗೆ. ಇಲ್ಲಿ ಯಾರ ಬಾಯಿಗೂ ಅದು ಹಿಡಿಯದೆ, ಮಾತು ಕಮ್ಮಿಯವಳೆಂದು ಮೌನಗೌರಿಯಾದೆ. ಅತ್ತೆ ಓದುವಾಗ ಕೈಮುಗಿದು ಕೇಳುವುದು ನನ್ನ ಪಾಲು. ಒಂದಕ್ಷರ ತಪ್ಪಿದರೂ ಕೈಯೆತ್ತಬೇಕು. ಎತ್ತದಿದ್ದರೆ, “ಕೇಳಿಯೂ ಸುಮ್ನಿದ್ದೆ ಅಲ್ವಾ? ಇನ್ನು ಆ ತಪ್ಪು ನಿಂದು” ಅನ್ನುತ್ತಿದ್ದಳು.

ಪ್ರೊಫೆಸರು ಹಾಳೆ ನೋಡಿದರು. “ನಾಲ್ಕನೇದನ್ನ ಹಾಕು ಅಂತ ಯಾರು ಹೇಳಿದ್ರು?”

“ಯಾರೂ ಹೇಳಿರ್ಲಿಲ್ಲ ಸರ್. ಅದಕ್ಕೇ ಹಾಕ್ದೆ.”

“ಕತ್ತರಿಸಿ ತೆಗಿ. ಮೂರು ಸಾಕು. ಮುಂದಿನ ತಿಂಗಳು ಈ ಪ್ರತಿಕಾಯ ಆಸ್ಪತ್ರೆಗೆ ಹೋಗ್ಬೇಕು.”

“ಔಷಧಿಗೆ ಗಡ್ಡೆ ಸಾಯ್ತಿದ್ಯೋ ಇಲ್ವೋ ಅಂತ ಅಲ್ಲಿ ಇದನ್ನೇ ಕೇಳ್ತಾರೆ ಸರ್. ಇದು ಕೇಳಿದ್ದಕ್ಕೆಲ್ಲ ಹೂಂ ಅನ್ನತ್ತೆ.”

“ಅಬ್ಬಾ, ಮೌನಗೌರಿಗೂ ಬಾಯಿ ಬಂತು!” ನಕ್ಕರು. ಖಾನೆಯಿಂದ ಒಂದು ಕಾಗದ ತೆಗೆದು ನನ್ನೆದುರು ಸರಿಸಿದರು. ನನ್ನ ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸುವ ಪತ್ರ. ಅವರ ರುಜು ಒಂದೇ ಬಾಕಿ. “ನಿಯಮ ಗೊತ್ತಲ್ಲ ಅಮ್ಮಾ, ಪರೀಕ್ಷೆ ಮಾಡಿದವರೇ ಹಾಳೆ ಮೇಲೆ ರುಜು ಹಾಕ್ಬೇಕು. ನೀನು ಅದಕ್ಕೆ ಹಾಕು, ನಾನು ಇದಕ್ಕೆ ಹಾಕ್ತೀನಿ.”

ಅಳಿಸಲಾಗದ ಶಾಯಿಯ ಪೆನ್ನು ಕೋಟಿನ ಜೇಬಿನಲ್ಲೇ ಇತ್ತು. ಮೊದಲ ಪಟ್ಟಿಯ ಬುಡದಲ್ಲಿ ಶುರುಮಾಡಿ ಅತ್ತೆ ಇಟ್ಟ ಹೆಸರನ್ನು ಒಂದಕ್ಷರವೂ ಬಿಡದೆ ಬರೆದೆ. ಕೊನೆಯ ಒತ್ತಕ್ಷರ ಹೋಗಿ ಕೂತದ್ದು ನಾಲ್ಕನೆಯ ಪಟ್ಟಿಯ ಕೆಳಗೆ.

“ಈಗ ಕತ್ತರಿಸಿ ಸರ್. ಹೆಸರೂ ತುಂಡಾಗತ್ತೆ. ಅರ್ಧ ಹೆಸರು ನನ್ನ ರುಜು ಅಲ್ಲ.”

ಅವರ ಮುಖ ಕೆಂಪಗಾಯಿತು. “ಬೇರೆಯವರ ಕೈಲಿ ಮಾಡಿಸ್ತೀನಿ.”

“ಧಾರಾಳವಾಗಿ ಮಾಡಿಸಿ. ಆ ನಾಲ್ಕನೇ ಸಾಲಿನ ಕೋಶಗಳದ್ದು ಒಂದೊಂದು ಶೀಶೆ ಲ್ಯಾಬಿನ ಎಲ್ಲರ ಡಬ್ಬಿಯಲ್ಲೂ ಇಟ್ಟು ಬಂದಿದೀನಿ. ಏನು, ಯಾಕೆ ಅಂತ ಚೀಟಿನೂ ಅಂಟಿಸಿದೀನಿ.”

ಅವರು ತಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ನನ್ನ ಪತ್ರ ರುಜುವಿಲ್ಲದೆಯೇ ಖಾನೆಗೆ ಮರಳಿತು. ಆದರೆ ಎತ್ತಿದ ಕೈಯನ್ನು ಇಳಿಸುವ ಅಭ್ಯಾಸ ಅತ್ತೆ ಕಲಿಸಿರಲಿಲ್ಲ.

ಹೊರಗೆ ಅಕ್ಕ ಒದ್ದೆ ಕೈಯಲ್ಲೇ ಕಾದು ನಿಂತಿದ್ದಳು. “ಎಷ್ಟಾಯ್ತೇ ಕಾಲು?” ಪಿಸುಗುಟ್ಟಿದಳು.

ಬಾಗಿಲು ಇನ್ನೂ ತೆರೆದೇ ಇತ್ತು. ಒಳಗಿನವರಿಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ:

“ನಾಲ್ಕು!”